ವಿಡಿಯೊ ಕಡತದ ಗಾತ್ರ ಮತ್ತು ಫೋನಿನ ಸ್ಥಳಾವಕಾಶ

ಮದುವೆ, ಮುಂಜಿ, ನಾಮಕರಣಗಳನ್ನು ವಿಡಿಯೊ ಚಿತ್ರೀಕರಣ ಮಾಡಿಸುವುದು 1990ರ ದಶಕದಲ್ಲಿ ಮಧ್ಯಮ ವರ್ಗದ ಕುಟುಂಬಗಳಿಗೆ ದುಬಾರಿಯಾದ ಏರ್ಪಾಡಾಗಿತ್ತು. ಹೆಗಲ ಮೇಲಿನ ಕ್ಯಾಮೆರಾ, ಕಣ್ಣು ಕುಕ್ಕುವ ದೀಪ, ಆ ದೀಪವನ್ನು ಎತ್ತಿ ಹಿಡಿದು ನಿಲ್ಲುವ ಸಹಾಯಕ, ಮೂರು ಗಂಟೆಯ ಕ್ಯಾಸೆಟ್ಟು, ಇವೆಲ್ಲ ಸೇರಿದರೆ ಮಾತ್ರ ಚಿತ್ರೀಕರಣ ಸಾಧ್ಯವಾಗುತ್ತಿತ್ತು. ಕ್ಯಾಸೆಟ್ಟು ಮುಗಿದರೆ ಕೆಲಸವೂ ಮುಗಿಯಿತು. ಆದುದರಿಂದ ಯಾವುದನ್ನು ಚಿತ್ರಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆ ಮೊದಲೇ ನಡೆದಿರುತ್ತಿತ್ತು. ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ಕ್ಯಾಮೆರಾ ಇದೆ. ಗುಂಡಿಯೊತ್ತಿದರೆ ಚಿತ್ರೀಕರಣ ಆರಂಭವಾಗುತ್ತದೆ. ಕ್ಯಾಸೆಟ್ಟಿನಂತೆ ಸುತ್ತಿಕೊಳ್ಳುವ ಪಟ್ಟಿ ಕಣ್ಣಿಗೆ ಕಾಣುವುದಿಲ್ಲ. ಆದರೆ ಮಿತಿಯಂತೂ ಇದ್ದೇ ಇದೆ. ಒಂದು ದಿನ ಫೋನಿನ ಪರದೆಯ ಮೇಲೆ 'ಸ್ಥಳಾವಕಾಶ ಇಲ್ಲ' ಎಂಬ ಸೂಚನೆ ಮೂಡುತ್ತದೆ. ಆ ಸೂಚನೆ ಬರುವುದು ಬಹುಮಟ್ಟಿಗೆ ಚಿತ್ರೀಕರಿಸಲೇಬೇಕಾದ ಗಳಿಗೆಯಲ್ಲಿಯೇ.

ಕರ್ನಾಟಕದಿಂದ ದೂರ, ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ನೆಲಸಿದ ಕನ್ನಡ ಕುಟುಂಬಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವೂ ಇದೆ. ಬೇಸಿಗೆಯ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ಹೇಳಿದ ಕಥೆ, ಅಜ್ಜ ತನ್ನ ಬಾಲ್ಯದ ಬಗ್ಗೆ ಆಡಿದ ಮಾತು, ಧಾರವಾಡದ ಕಡೆಯ ಅಥವಾ ಕುಂದಾಪುರದ ಕಡೆಯ ನುಡಿಯ ವರಸೆ, ಇವು ಮೊಮ್ಮಕ್ಕಳಿಗೆ ಉಳಿಯುವುದು ಅನೇಕ ವೇಳೆ ಒಂದು ಫೋನಿನೊಳಗಿನ ವಿಡಿಯೊ ಆಗಿ ಮಾತ್ರ. ಸ್ಥಳಾವಕಾಶದ ಒತ್ತಡ ಬಂದಾಗ ಅವಸರದಲ್ಲಿ ಅಳಿಸಿಹೋಗುವುದೂ ಇಂಥದ್ದೇ. ಏಕೆಂದರೆ ಅದು ಉದ್ದವಾದ ವಿಡಿಯೊ, ದೊಡ್ಡ ಕಡತ, ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವಂಥದ್ದು. ಅಳಿಸದೆಯೇ ಕಡತವನ್ನು ಕಿರಿದುಗೊಳಿಸುವ ಉಪಾಯಗಳಿವೆ. ಆದರೆ ಒಮ್ಮೆ ಕಿರಿದುಗೊಳಿಸಿದ ವಿಡಿಯೊದಿಂದ ಮೂಲದ ವಿವರಗಳನ್ನು ಮತ್ತೆ ಪಡೆಯುವುದು ಸಾಧ್ಯವಿಲ್ಲ. ಆದಕಾರಣ ಗಾತ್ರ ಎಲ್ಲಿಂದ ಬರುತ್ತದೆ, ಅದು ಕಡಮೆಯಾಗುವಾಗ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನು ಮೊದಲು ತಿಳಿಯುವುದು ಅವಶ್ಯಕ.

ಗಾತ್ರವನ್ನು ನಿರ್ಧರಿಸುವುದು ಯಾವುದು?

ವಿಡಿಯೊ ಎಂದರೆ ಒಂದರ ಹಿಂದೆ ಒಂದರಂತೆ ವೇಗವಾಗಿ ತೋರಿಸಲಾಗುವ ಸ್ಥಿರಚಿತ್ರಗಳ ಸರಣಿ. ಇಂತಹ ಒಂದೊಂದು ಚಿತ್ರಕ್ಕೆ ಫ್ರೇಮ್ ಎಂದು ಹೆಸರು. ಫೋನುಗಳಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮುಗಳು ದಾಖಲಾಗುತ್ತವೆ. ಪ್ರತಿ ಫ್ರೇಮೂ ಪಿಕ್ಸೆಲ್ ಎಂಬ ಸಣ್ಣ ಬಣ್ಣದ ಬಿಂದುಗಳಿಂದ ಕೂಡಿದೆ. 1080ಪಿ ಎಂದು ಕರೆಯಲಾಗುವ ಸ್ಪಷ್ಟತೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳು. ಪ್ರತಿ ಬಿಂದುವಿನ ಬಣ್ಣವನ್ನು ಬರೆದಿಡಲು ಮೂರು ಬೈಟ್ ಬೇಕೆಂದರೆ ಒಂದು ಫ್ರೇಮಿಗೆ 62 ಲಕ್ಷ ಬೈಟ್ ಮೀರುತ್ತದೆ. ಒಂದು ಸೆಕೆಂಡಿಗೆ ಸುಮಾರು 187 ಮೆಗಾಬೈಟ್. ಒಂದು ನಿಮಿಷಕ್ಕೆ ಸುಮಾರು 11 ಗಿಗಾಬೈಟ್. 64 ಗಿಗಾಬೈಟ್‌ನ ಫೋನು ಪೂರ್ಣ ಖಾಲಿಯಾಗಿದ್ದರೂ ಆರು ನಿಮಿಷದೊಳಗೆ ತುಂಬಿಹೋಗಬೇಕಿತ್ತು.

ಹಾಗೆ ಆಗುವುದಿಲ್ಲ ಎಂಬುದು ಎಲ್ಲರ ಅನುಭವ. ಐಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿಯೇ ತಯಾರಕರು ಕೊಟ್ಟಿರುವ ಅಂದಾಜಿನ ಪ್ರಕಾರ, ಹೊಸ ಸಂಕೋಚನ ವಿಧಾನದಲ್ಲಿ 1080ಪಿ, 30 ಫ್ರೇಮಿನ ಒಂದು ನಿಮಿಷದ ವಿಡಿಯೊ ಸುಮಾರು 60 ಮೆಗಾಬೈಟ್ ಮಾತ್ರ. ಅಂದರೆ ಫೋನು ಚಿತ್ರೀಕರಿಸುತ್ತಿರುವಾಗಲೇ ಕಡತವನ್ನು ಮೂಲ ಲೆಕ್ಕದ ನೂರೆಂಬತ್ತರಲ್ಲಿ ಒಂದು ಪಾಲಿಗಿಂತಲೂ ಕಿರಿದುಗೊಳಿಸಿರುತ್ತದೆ. ಅದೇ ಕ್ಯಾಮೆರಾದಲ್ಲಿ 4ಕೆ ಸ್ಪಷ್ಟತೆಯನ್ನು ಆರಿಸಿದರೆ ನಿಮಿಷಕ್ಕೆ ಸುಮಾರು 170 ಮೆಗಾಬೈಟ್, ಸೆಕೆಂಡಿಗೆ 60 ಫ್ರೇಮಿನ 4ಕೆ ಆದರೆ ಸುಮಾರು 400 ಮೆಗಾಬೈಟ್. 720ಪಿ ಆದರೆ 40. ಮಗುವಿನ ಮೊದಲ ಹೆಜ್ಜೆಯನ್ನು ಯಾವ ಸೆಟ್ಟಿಂಗ್‌ನಲ್ಲಿ ಚಿತ್ರಿಸಲಾಯಿತು ಎಂಬುದರ ಮೇಲೆ ಅದೇ ಒಂದು ನಿಮಿಷದ ಬೆಲೆ ಹತ್ತು ಪಟ್ಟು ವ್ಯತ್ಯಾಸವಾಗಬಲ್ಲದು.

ಗಾತ್ರದ ನಿಜವಾದ ಅಳತೆ ಬಿಟ್ ದರ, ಅಂದರೆ ಒಂದು ಸೆಕೆಂಡಿನ ವಿಡಿಯೊವನ್ನು ಬರೆದಿಡಲು ಬಳಕೆಯಾಗುವ ಬಿಟ್‌ಗಳ ಸಂಖ್ಯೆ. ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬುದನ್ನು ಒಟ್ಟು ಸೆಕೆಂಡುಗಳಿಂದ ಗುಣಿಸಿ ಎಂಟರಿಂದ ಭಾಗಿಸಿದರೆ ಮೆಗಾಬೈಟ್‌ಗಳಲ್ಲಿ ಗಾತ್ರ ಸಿಗುತ್ತದೆ. ಎಂಟು ಬಿಟ್ ಸೇರಿ ಒಂದು ಬೈಟ್ ಆಗುವುದರಿಂದ ಈ ಭಾಗಾಕಾರ. ಹಳೆಯ ಸಂಕೋಚನ ವಿಧಾನವನ್ನು ಬಳಸುವ ಒಂದು ಫೋನು ಸೆಕೆಂಡಿಗೆ 17 ಮೆಗಾಬಿಟ್‌ನಂತೆ ದಾಖಲಿಸಿದ 10 ನಿಮಿಷದ ವಿಡಿಯೊ 1,275 ಮೆಗಾಬೈಟ್ ಆಗುತ್ತದೆ. ಅದನ್ನು 4 ಮೆಗಾಬಿಟ್‌ಗೆ ಇಳಿಸಿದರೆ 300 ಮೆಗಾಬೈಟ್. ಕೈಬೆರಳಿನ ಮೇಲೆ ಮಾಡಬಹುದಾದ ಈ ಲೆಕ್ಕ ಗೊತ್ತಿದ್ದರೆ, ಯಾವುದೇ ಆ್ಯಪ್ 'ಗುಣಮಟ್ಟ ಕೆಡದಂತೆ ಶೇಕಡಾ 95ರಷ್ಟು ಕಿರಿದುಗೊಳಿಸುತ್ತೇವೆ' ಎಂದು ಜಾಹೀರಾತು ನೀಡಿದಾಗ ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬುದೂ ಗೊತ್ತಾಗುತ್ತದೆ.

ಇಲ್ಲಿ ಧ್ವನಿಯ ಬಗ್ಗೆ ಒಂದು ಮಾತು. ಸೆಕೆಂಡಿಗೆ 128 ಕಿಲೋಬಿಟ್‌ನ ಧ್ವನಿಗೆ ನಿಮಿಷಕ್ಕೆ ಒಂದು ಮೆಗಾಬೈಟ್‌ಗಿಂತಲೂ ಕಡಮೆ ಸಾಕು. ಒಂದು ಗಂಟೆಯ ಮಾತು 58 ಮೆಗಾಬೈಟ್‌ನೊಳಗೆ ಅಡಗುತ್ತದೆ. ಸ್ಥಳವನ್ನು ನುಂಗುವುದು ಚಿತ್ರವೇ ಹೊರತು ಧ್ವನಿಯಲ್ಲ. ಅಜ್ಜಿಯ ಕಥೆಯಲ್ಲಿ ಮುಖ್ಯವಾದುದು ದನಿಯಾದರೆ, ಚಿತ್ರದ ಸ್ಪಷ್ಟತೆಯನ್ನು ಇಳಿಸಿ ಧ್ವನಿಯನ್ನು ಇದ್ದಂತೆಯೇ ಉಳಿಸಿಕೊಳ್ಳುವುದು ಜಾಣತನ. ಎರಡನ್ನೂ ಒಂದೇ ಅಳತೆಯಲ್ಲಿ ಕತ್ತರಿಸುವ ಆ್ಯಪ್‌ಗಳೂ ಇವೆ. ಅವುಗಳಿಂದ ಉಳಿಯುವ ಸ್ಥಳ ಅತ್ಯಲ್ಪ, ಆಗುವ ನಷ್ಟ ದೊಡ್ಡದು.

ಬೆಂಗಳೂರಿನಿಂದ ಹೊರಟ ಒಂದು ಗಣಿತ

ಸುಮಾರು 11 ಗಿಗಾಬೈಟ್ 60 ಮೆಗಾಬೈಟ್‌ಗೆ ಇಳಿಯುವ ಬಗೆ ಹೇಗೆ? ಇದರ ಉತ್ತರದಲ್ಲಿ ಕನ್ನಡನಾಡಿಗೆ ಸೇರಿದ ಒಂದು ಹೆಸರು ಬರುತ್ತದೆ. ನಾಸಿರ್ ಅಹ್ಮದ್ ಅವರು 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದರು, ಯು.ವಿ.ಸಿ.ಇ. ಎಂದು ಪ್ರಸಿದ್ಧವಾದ ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಉನ್ನತ ವ್ಯಾಸಂಗಕ್ಕೆ ಅಮೆರಿಕಕ್ಕೆ ತೆರಳಿದರು. ಕ್ಯಾನ್ಸಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, ಚಿತ್ರಗಳ ದತ್ತಾಂಶವನ್ನು ಸಂಕೋಚಿಸಲು ಒಂದು ಹೊಸ ಗಣಿತ ರೂಪಾಂತರವನ್ನು ಅಧ್ಯಯನ ಮಾಡುವುದಾಗಿ 1972ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಪ್ರಸ್ತಾವ ಸಲ್ಲಿಸಿದರು. ಧನಸಹಾಯ ದೊರೆಯಲಿಲ್ಲ. ಆದರೂ ಅವರು ಕೆಲಸವನ್ನು ಕೈಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಹಾಗೂ ಟೆಕ್ಸಾಸಿನಲ್ಲಿದ್ದ ಕೆ. ಆರ್. ರಾವ್ ಅವರೊಂದಿಗೆ ಸೇರಿ 1974ರ ಜನವರಿಯಲ್ಲಿ ಡಿಸ್‌ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ವಿಧಾನದ ಕುರಿತು ಕೆಲವೇ ಪುಟಗಳ ಪ್ರಬಂಧವನ್ನು ಪ್ರಕಟಿಸಿದರು. 1992ರಲ್ಲಿ ರೂಪುಗೊಂಡ ಜೆಪೆಗ್ ಚಿತ್ರಮಾನಕವೂ, ಅದರ ಬೆನ್ನಿಗೇ ಬಂದ ಎಂಪೆಗ್ ವಿಡಿಯೊ ಮಾನಕವೂ ಈ ಗಣಿತದ ಮೇಲೆಯೇ ನಿಂತಿವೆ. ಇಂದಿನ ಫೋನುಗಳ ವಿಡಿಯೊ ವಿಧಾನಗಳೂ ಇದರ ವಂಶದವೇ.

ಆ ವಿಧಾನದ ತಿರುಳು ಸರಳವಾದುದು. ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಂಗಡಿಸಲಾಗುತ್ತದೆ. ಮೊದಲ ಮಾನಕಗಳಲ್ಲಿ ಒಂದು ಚೌಕಕ್ಕೆ ಎಂಟಕ್ಕೆ ಎಂಟು, ಅಂದರೆ 64 ಬಿಂದುಗಳು. ಈ 64 ಬಿಂದುಗಳ ಬೆಳಕಿನ ಅಳತೆಯನ್ನು ಒಂದೊಂದಾಗಿ ಬರೆಯುವ ಬದಲು, ಚೌಕದ ಒಟ್ಟಾರೆ ಬೆಳಕು ಎಷ್ಟು, ಅದರಲ್ಲಿ ನಿಧಾನವಾಗಿ ಆಗುವ ಏರಿಳಿತ ಎಷ್ಟು, ವೇಗವಾದ ಸೂಕ್ಷ್ಮ ಏರಿಳಿತ ಎಷ್ಟು ಎಂದು ಬೇರೆ 64 ಸಂಖ್ಯೆಗಳಾಗಿ ಬರೆಯಲಾಗುತ್ತದೆ. ಬಿಳಿಯ ಗೋಡೆಯ ಒಂದು ಚೂರನ್ನು ತೆಗೆದುಕೊಂಡರೆ ಮೊದಲನೆಯ ಸಂಖ್ಯೆಯೊಂದೇ ದೊಡ್ಡದಾಗಿ ಉಳಿದವೆಲ್ಲ ಸೊನ್ನೆಗೆ ಹತ್ತಿರವಾಗುತ್ತವೆ. ಸೊನ್ನೆಗಳ ಸಾಲನ್ನು 'ಇಲ್ಲಿಂದ ಮುಂದೆ ಎಲ್ಲವೂ ಸೊನ್ನೆ' ಎಂದು ಒಂದೇ ಮಾತಿನಲ್ಲಿ ಬರೆಯಬಹುದು. ಸೂಕ್ಷ್ಮ ಏರಿಳಿತದ ಸಂಖ್ಯೆಗಳನ್ನು ಸ್ವಲ್ಪ ಒರಟಾಗಿ ಬರೆದರೂ ಕಣ್ಣು ಅದನ್ನು ಗಮನಿಸುವುದಿಲ್ಲ. ಎಷ್ಟು ಒರಟಾಗಿ ಬರೆಯಬೇಕು ಎಂಬುದೇ ಗುಣಮಟ್ಟದ ಹಿಡಿತ. ಮಿತಿ ಮೀರಿ ಒರಟಾದಾಗ ಚಿತ್ರದಲ್ಲಿ ಚೌಕಚೌಕವಾದ ಕಲೆಗಳು ಎದ್ದು ಕಾಣುತ್ತವೆ. ಹಲವು ಬಾರಿ ಕೈಬದಲಾಯಿಸಿದ ವಿಡಿಯೊಗಳಲ್ಲಿ ಕಾಣುವ ಆ ಕಲೆಗಳು ಇವೇ.

ಇದು ಒಂದೊಂದು ಫ್ರೇಮಿನ ಒಳಗಿನ ಉಳಿತಾಯ. ಇದಕ್ಕಿಂತಲೂ ದೊಡ್ಡ ಉಳಿತಾಯ ಫ್ರೇಮುಗಳ ನಡುವೆ ಇದೆ. ಸೆಕೆಂಡಿನ ಮೂವತ್ತನೆಯ ಒಂದು ಭಾಗದಲ್ಲಿ ಜಗತ್ತು ಹೆಚ್ಚೇನೂ ಬದಲಾಗುವುದಿಲ್ಲ. ಆದುದರಿಂದ ಒಂದು ಫ್ರೇಮನ್ನು ಪೂರ್ಣವಾಗಿ ಬರೆದು, ಮುಂದಿನ ಅನೇಕ ಫ್ರೇಮುಗಳಿಗೆ 'ಹಿಂದಿನದರಂತೆಯೇ. ಇಷ್ಟು ಭಾಗ ಮಾತ್ರ ಎಡಕ್ಕೆ ಸರಿದಿದೆ' ಎಂದು ವ್ಯತ್ಯಾಸವನ್ನಷ್ಟೇ ಬರೆಯಲಾಗುತ್ತದೆ. ಅಂಗಡಿಯ ಲೆಕ್ಕದ ಪುಸ್ತಕದಲ್ಲಿ 'ಸದರಿ' ಎಂದು ಬರೆಯುವ ಹಳೆಯ ಪದ್ಧತಿಯನ್ನು ಇದಕ್ಕೆ ಹೋಲಿಸಬಹುದು.

ಉಪನ್ಯಾಸ ಮತ್ತು ಯಕ್ಷಗಾನ

ಒಂದೇ ಉದ್ದದ ಎರಡು ವಿಡಿಯೊಗಳು ಒಂದೇ ಪ್ರಮಾಣದಲ್ಲಿ ಕಿರಿದಾಗುವುದಿಲ್ಲ ಎಂಬುದಕ್ಕೆ ಕಾರಣ ಇಲ್ಲಿಯೇ ಇದೆ. ಮುಂಬಯಿಯ ಒಂದು ಸಭಾಂಗಣದಲ್ಲಿ ಬೆಳಿಗ್ಗೆ ಉಪನ್ಯಾಸ, ಸಂಜೆ ಯಕ್ಷಗಾನ ನಡೆಯಿತು ಎಂದು ಇಟ್ಟುಕೊಳ್ಳೋಣ. ಉಪನ್ಯಾಸಕರು ಮೇಜಿನ ಹಿಂದೆ ನಿಂತಿದ್ದಾರೆ. ಹಿನ್ನೆಲೆಯ ಪರದೆ ಅಲುಗುವುದಿಲ್ಲ. ಚಲಿಸುವುದು ತುಟಿ, ಕೈ, ಅಷ್ಟೆ. ಇಂತಹ ವಿಡಿಯೊವನ್ನು ಗಣನೀಯವಾಗಿ ಕಿರಿದುಗೊಳಿಸಿದರೂ ನೋಡುವವರಿಗೆ ತಿಳಿಯುವುದಿಲ್ಲ. ಸಂಜೆಯ ಆಟದಲ್ಲಿ ಹಾಗಲ್ಲ. ವೇಷಧಾರಿ ಗಿರಕಿ ಹೊಡೆಯುತ್ತಾನೆ. ಕಿರೀಟದ ಪ್ರತಿಯೊಂದು ಮಿಣುಕೂ ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತದೆ. ದಗಲೆಯ ಅಂಚು, ಗೆಜ್ಜೆ, ಕೇದಗೆ ಮುಂದಲೆ ಎಲ್ಲವೂ ಸೂಕ್ಷ್ಮ ವಿವರಗಳೇ. 'ಹಿಂದಿನದರಂತೆಯೇ' ಎಂದು ಬರೆಯಲು ಇಲ್ಲಿ ಏನೂ ಉಳಿಯುವುದಿಲ್ಲ. ಉಪನ್ಯಾಸಕ್ಕೆ ಸಾಕಾಗುವ ಬಿಟ್ ದರವನ್ನೇ ಯಕ್ಷಗಾನಕ್ಕೂ ವಿಧಿಸಿದರೆ ಕುಣಿತದ ಬಿರುಸಿನಲ್ಲಿ ಮುಖವರ್ಣಿಕೆ ಕಲಸಿಹೋಗುತ್ತದೆ.

ಮದುವೆಯ ವಿಡಿಯೊದಲ್ಲಿಯೂ ಇದನ್ನು ಕಾಣಬಹುದು. ವಧೂವರರು ಕುಳಿತಿರುವಷ್ಟು ಹೊತ್ತು ಚಿತ್ರ ಸ್ವಚ್ಛವಾಗಿರುತ್ತದೆ. ಮಾಂಗಲ್ಯಧಾರಣೆಯ ಗಳಿಗೆಯಲ್ಲಿ ನಾಲ್ಕೂ ಕಡೆಯಿಂದ ಅಕ್ಷತೆ ಬೀಳತೊಡಗಿದೊಡನೆ ಸಾವಿರಾರು ಕಾಳುಗಳು ಸಾವಿರಾರು ದಿಕ್ಕಿಗೆ ಚಲಿಸುತ್ತವೆ; ಬಿಟ್ ದರ ಸಾಲದೆ ಚಿತ್ರ ಚೌಕಗಳಾಗಿ ಒಡೆಯುತ್ತದೆ. ಕಿರಿದುಗೊಳಿಸಿದ ಪ್ರತಿಯನ್ನು ಪರೀಕ್ಷಿಸುವಾಗ ನೋಡಬೇಕಾದುದು ಈ ಗಳಿಗೆಯನ್ನೇ ಹೊರತು ಆರಂಭದ ಹತ್ತು ಸೆಕೆಂಡುಗಳನ್ನಲ್ಲ. ಮಳೆ, ಜಲಪಾತ, ಗಾಳಿಗೆ ಅಲುಗುವ ಎಲೆಗಳು, ಜಾತ್ರೆಯ ಜನಸಂದಣಿ ಇವೆಲ್ಲ ಇದೇ ವರ್ಗಕ್ಕೆ ಸೇರಿದವು. ಮಂದ ಬೆಳಕಿನ ವಿಡಿಯೊಗಳದು ಬೇರೆ ತೊಂದರೆ: ಕತ್ತಲೆಯ ಭಾಗದಲ್ಲಿ ಕ್ಯಾಮೆರಾ ತಾನಾಗಿಯೇ ಹುಟ್ಟಿಸುವ ಮರಳಿನಂಥ ಕಣಗಳನ್ನೂ ಯಂತ್ರ ನಿಜವಾದ ವಿವರವೆಂದೇ ಎಣಿಸಿ ಬರೆಯಹೊರಡುತ್ತದೆ. ನಡುಗುವ ಕೈಯಿಂದ ಚಿತ್ರಿಸಿದರೂ ಬಿಟ್‌ಗಳ ವ್ಯಯ ಹೆಚ್ಚುತ್ತದೆ. ಫೋನನ್ನು ಒಂದು ಕುರ್ಚಿಯ ಬೆನ್ನಿಗೋ ಪುಸ್ತಕದ ರಾಶಿಗೋ ಒರಗಿಸಿ, ಒಂದು ದೀಪ ಹೆಚ್ಚಿಗೆ ಹಾಕಿ ಚಿತ್ರೀಕರಿಸಿದರೆ ಅದೇ ಗಾತ್ರದೊಳಗೆ ಹೆಚ್ಚು ಸ್ಪಷ್ಟವಾದ ಚಿತ್ರ ದೊರೆಯುತ್ತದೆ.

ಕೆಲಸಕ್ಕೆ ತೊಡಗುವ ಮುನ್ನ

ಸ್ಥಳಾವಕಾಶ ಪೂರ್ತಿ ಮುಗಿದ ಮೇಲೆ ವಿಡಿಯೊ ಕಿರಿದುಗೊಳಿಸಲು ಹೊರಟವರಿಗೆ ಒಂದು ವಿಚಿತ್ರ ಅಡ್ಡಿ ಎದುರಾಗುತ್ತದೆ. ಕಿರಿದುಗೊಳಿಸುವುದೆಂದರೆ ಹಳೆಯ ಕಡತವನ್ನು ಹಿಂಡುವುದಲ್ಲ, ಅದನ್ನು ಓದಿ ಹೊಸ ಕಡತವೊಂದನ್ನು ಬರೆಯುವುದು. ಹೊಸದು ಮುಗಿಯುವವರೆಗೆ ಎರಡಕ್ಕೂ ಜಾಗ ಬೇಕು. ಜಾಗವಿಲ್ಲದಿದ್ದರೆ ಕೆಲಸ ನಡುವೆಯೇ ನಿಲ್ಲುತ್ತದೆ. ಆದುದರಿಂದ ಮೊದಲು ಸ್ವಲ್ಪ ಬಯಲು ಮಾಡಿಕೊಳ್ಳಬೇಕು.

ಈ ಬಯಲು ಸುಲಭವಾಗಿ ದೊರೆಯುವುದು ವಾಟ್ಸ್‌ಆ್ಯಪ್‌ನಲ್ಲಿ. ಅದರ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಕುರಿತ ವಿಭಾಗವನ್ನು ತೆರೆದರೆ 5 ಮೆಗಾಬೈಟ್‌ಗಿಂತ ದೊಡ್ಡ ಕಡತಗಳೂ, ಅನೇಕ ಬಾರಿ ರವಾನೆಯಾದ ಕಡತಗಳೂ ಬೇರೆ ಬೇರೆಯಾಗಿ ಕಾಣಸಿಗುತ್ತವೆ. ಶುಭೋದಯದ ವಿಡಿಯೊಗಳು, ಒಂದೇ ಹಾಸ್ಯ ಪ್ರಸಂಗ ನಾಲ್ಕು ಗುಂಪುಗಳಿಂದ ನಾಲ್ಕು ಬಾರಿ ಬಂದದ್ದು, ಇವನ್ನು ಅಳಿಸಲು ಹೆಚ್ಚು ಯೋಚಿಸಬೇಕಾಗಿಲ್ಲ. ವಿಡಿಯೊಗಳು ತಾವಾಗಿಯೇ ಡೌನ್‌ಲೋಡ್ ಆಗದಂತೆ ಅಲ್ಲಿಯೇ ತಡೆಯಲೂಬಹುದು. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್‌ನ ಫೈಲ್ಸ್ ಎಂಬ ಆ್ಯಪ್ ದೊಡ್ಡ ಕಡತಗಳನ್ನೂ ಒಂದೇ ಕಡತದ ಎರಡು ಪ್ರತಿಗಳನ್ನೂ ಹುಡುಕಿಕೊಡುತ್ತದೆ.

ಬಳಿಕ ಉಳಿದ ವಿಡಿಯೊಗಳ ಅನವಶ್ಯಕ ತಲೆ ಬಾಲಗಳನ್ನು ಕತ್ತರಿಸುವುದು. ಕ್ಯಾಮೆರಾ ನಿಲ್ಲಿಸಲು ಮರೆತು ನೆಲವನ್ನೇ ಚಿತ್ರಿಸಿದ ಮೂರು ನಿಮಿಷ, ಕಾರ್ಯಕ್ರಮ ಆರಂಭವಾಗುವ ಮುನ್ನ ಮೈಕು ಪರೀಕ್ಷಿಸಿದ ಐದು ನಿಮಿಷ, ಇವು ಹೋದರೆ ಯಾರಿಗೂ ನಷ್ಟವಿಲ್ಲ. ಫೋನಿನ ಚಿತ್ರಸಂಗ್ರಹದಲ್ಲಿಯೇ ಇದಕ್ಕೆ ಅನುಕೂಲವಿದೆ. ನಿಮಿಷಕ್ಕೆ 170 ಮೆಗಾಬೈಟ್‌ನ 4ಕೆ ವಿಡಿಯೊದಲ್ಲಿ ಮೂರು ನಿಮಿಷ ಕತ್ತರಿಸಿದರೆ ಅರ್ಧ ಗಿಗಾಬೈಟ್ ಉಳಿತಾಯ.

ಕೆಲವರು ವಿಡಿಯೊವನ್ನು ಜಿಪ್ ಕಡತವಾಗಿ ಪರಿವರ್ತಿಸಿ ಸ್ಥಳ ಉಳಿಸಲು ಯತ್ನಿಸುತ್ತಾರೆ. ಬರಹದ ಕಡತಗಳಿಗೆ ಆ ವಿಧಾನ ಚೆನ್ನಾಗಿ ಒಗ್ಗುತ್ತದೆ. ವಿಡಿಯೊ ಈಗಾಗಲೇ ಹಿಂಡಿ ತೆಗೆದ ವಸ್ತು. ಅದರಲ್ಲಿ ಜಿಪ್‌ಗೆ ಸಿಗುವ ರಸ ಇಲ್ಲವೆಂದೇ ಹೇಳಬೇಕು.

ಕಿರಿದುಗೊಳಿಸುವ ವಿಧಾನ

ಸ್ಪಷ್ಟತೆಯನ್ನು ಇಳಿಸುವುದು ಮೊದಲನೆಯ ದಾರಿ. 4ಕೆ ಫ್ರೇಮಿನಲ್ಲಿ 1080ಪಿ ಫ್ರೇಮಿನ ನಾಲ್ಕು ಪಟ್ಟು ಬಿಂದುಗಳಿವೆ. ಅಂಗೈಯಗಲದ ಪರದೆಯಲ್ಲಿ ಈ ಎರಡಕ್ಕೂ ವ್ಯತ್ಯಾಸ ಗುರುತಿಸುವುದು ಕಷ್ಟ. ಮನೆಯ ದೊಡ್ಡ ಟಿ.ವಿ.ಯಲ್ಲಿ ಹತ್ತಿರ ಕುಳಿತು ನೋಡಿದರೆ ಗೊತ್ತಾಗಬಹುದು. ಬಹುಪಾಲು ಕೌಟುಂಬಿಕ ವಿಡಿಯೊಗಳಿಗೆ 1080ಪಿ ಸಾಕು. 720ಪಿಗೆ ಇಳಿಸಿದಾಗ ಬಿಂದುಗಳ ಸಂಖ್ಯೆ ಅರ್ಧಕ್ಕಿಂತ ಕಡಮೆಯಾದರೂ ಗಾತ್ರ ಆ ಪ್ರಮಾಣದಲ್ಲಿ ಇಳಿಯುವುದಿಲ್ಲ ಎಂಬುದನ್ನು ಮೇಲಿನ 60 ಮತ್ತು 40 ಮೆಗಾಬೈಟ್‌ಗಳ ಅಂಕಿಗಳೇ ತೋರಿಸುತ್ತವೆ. ಕಳೆದುಕೊಳ್ಳುವುದು ಹೆಚ್ಚು, ಗಳಿಸುವುದು ಕಡಮೆ.

ಎರಡನೆಯದು ಸಂಕೋಚನ ವಿಧಾನವನ್ನೇ ಬದಲಾಯಿಸುವುದು. 2003ರಲ್ಲಿ ಬಂದ ಎಚ್.264 ಎಂಬ ಮಾನಕವನ್ನು ಈಗಿನ ಬಹುತೇಕ ಎಲ್ಲ ಯಂತ್ರಗಳೂ ಅರ್ಥಮಾಡಿಕೊಳ್ಳುತ್ತವೆ. 2013ರಲ್ಲಿ ಬಂದ ಎಚ್.265 ಅಥವಾ ಎಚ್‌ಇವಿಸಿ ಸುಮಾರು ಅರ್ಧದಷ್ಟು ಬಿಟ್‌ಗಳಲ್ಲಿ ಅದೇ ಗುಣಮಟ್ಟವನ್ನು ಕೊಡಬಲ್ಲದು. ಇತ್ತೀಚಿನ ಐಫೋನುಗಳಲ್ಲಿಯೂ ಅನೇಕ ಆಂಡ್ರಾಯ್ಡ್ ಫೋನುಗಳಲ್ಲಿಯೂ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಇದನ್ನು ಆರಿಸಬಹುದು. ಆದರೆ ಹಳೆಯ ಟಿ.ವಿ. ಮತ್ತು ಹಳೆಯ ಕಂಪ್ಯೂಟರುಗಳಲ್ಲಿ ಎಚ್‌ಇವಿಸಿ ಕಡತ ತೆರೆಯದೆ ಹೋಗಬಹುದು. ಊರಿನಲ್ಲಿರುವ ಹಿರಿಯರ ಟಿ.ವಿ.ಗೆಂದು ಪೆನ್‌ಡ್ರೈವ್‌ನಲ್ಲಿ ಕಳುಹಿಸುವ ವಿಡಿಯೊವನ್ನು ಎಚ್.264ರಲ್ಲಿಯೇ ಇರಿಸುವುದು ಕ್ಷೇಮ. ಫ್ಯಾಟ್32 ಎಂಬ ಹಳೆಯ ವಿನ್ಯಾಸದ ಪೆನ್‌ಡ್ರೈವ್ 4 ಗಿಗಾಬೈಟ್‌ಗಿಂತ ದೊಡ್ಡದಾದ ಒಂಟಿ ಕಡತವನ್ನು ಸ್ವೀಕರಿಸುವುದಿಲ್ಲ ಎಂಬುದೂ ನೆನಪಿರಲಿ.

ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಅದರಲ್ಲಿಯೇ ಈ ಕೆಲಸ ಮಾಡುವುದು ಉತ್ತಮ. ಫೋನಿನಿಂದ ಕೇಬಲ್ ಮೂಲಕ ವಿಡಿಯೊಗಳನ್ನು ವರ್ಗಾಯಿಸಿ, ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಬಹುದು. ಅದರಲ್ಲಿ ಮೊದಲೇ ಸಿದ್ಧಪಡಿಸಿದ ಆಯ್ಕೆಗಳಿದ್ದು 'ಫಾಸ್ಟ್ 1080ಪಿ 30' ಎಂಬುದು ಸಾಮಾನ್ಯ ಬಳಕೆಗೆ ತಕ್ಕುದು. ಇನ್ನೂ ಹಿಡಿತ ಬೇಕಾದವರಿಗೆ ಆರ್‌ಎಫ್ ಎಂಬ ಗುಣಮಟ್ಟದ ಅಂಕಿ ಇದೆ. ಅಂಕಿ ಚಿಕ್ಕದಾದಷ್ಟೂ ಗುಣಮಟ್ಟ ಹೆಚ್ಚು, ಕಡತವೂ ದೊಡ್ಡದು. 1080ಪಿ ವಿಡಿಯೊಗೆ 20ರಿಂದ 24ರವರೆಗಿನ ಅಂಕಿಯನ್ನು ತಂತ್ರಾಂಶದ ಕೈಪಿಡಿಯೇ ಸೂಚಿಸುತ್ತದೆ. ಈ ವಿಧಾನದ ದೊಡ್ಡ ಅನುಕೂಲವೆಂದರೆ ಬಿಟ್ ದರವನ್ನು ತಂತ್ರಾಂಶ ತಾನೇ ನಿರ್ಧರಿಸುತ್ತದೆ: ಉಪನ್ಯಾಸಕ್ಕೆ ಕಡಮೆ ಖರ್ಚು, ಯಕ್ಷಗಾನಕ್ಕೆ ಹೆಚ್ಚು ಖರ್ಚು, ಎರಡರಲ್ಲಿಯೂ ಸಮನಾದ ಗುಣಮಟ್ಟ. 'ಇಷ್ಟೇ ಮೆಗಾಬೈಟ್ ಆಗಲಿ' ಎಂದು ಗಾತ್ರವನ್ನು ಮೊದಲೇ ಗೊತ್ತುಪಡಿಸುವುದಕ್ಕಿಂತ ಇದು ಮೇಲು.

ಕಂಪ್ಯೂಟರ್ ಇಲ್ಲದವರಿಗಾಗಿ ಫೋನಿನಲ್ಲಿಯೇ ಕೆಲಸ ಮಾಡುವ ಆ್ಯಪ್‌ಗಳು ಹಲವಾರಿವೆ. ಆಯ್ಕೆಯಲ್ಲಿ ಎಚ್ಚರ ಅಗತ್ಯ. ವಿಡಿಯೊ ಕಿರಿದುಗೊಳಿಸುವ ಆ್ಯಪ್‌ಗೆ ವಿಡಿಯೊಗಳನ್ನು ನೋಡುವ ಅನುಮತಿ ಬೇಕಾಗುವುದು ಸಹಜ. ಸಂಪರ್ಕ ಸಂಖ್ಯೆಗಳು, ಎಸ್‌ಎಂಎಸ್, ಕರೆಗಳ ವಿವರ ಅದಕ್ಕೇಕೆ? ಅಂತಹ ಅನುಮತಿ ಕೇಳುವ ಆ್ಯಪ್ ಅನ್ನು ದೂರವಿಡತಕ್ಕದ್ದು. ಅಪರಿಚಿತ ಅಂತರ್ಜಾಲ ತಾಣಗಳಿಗೆ ವಿಡಿಯೊ ಕಳುಹಿಸಿ ಕಿರಿದುಗೊಳಿಸಿಕೊಳ್ಳುವುದೆಂದರೆ ಮನೆಯೊಳಗಿನ ದೃಶ್ಯಗಳ ಒಂದು ಪ್ರತಿಯನ್ನು ಗುರುತಿಲ್ಲದವರ ಕೈಗೆ ಕೊಟ್ಟಂತೆ. ಉದ್ದದ ವಿಡಿಯೊ ಕಿರಿದಾಗುವಾಗ ಫೋನು ಬಿಸಿಯಾಗುವುದೂ ಬ್ಯಾಟರಿ ಬೇಗ ಇಳಿಯುವುದೂ ಸಾಮಾನ್ಯ. ಒಂದೊಂದಾಗಿ ಮಾಡಿದರೆ ತೊಂದರೆಯಿಲ್ಲ.

ಗೂಗಲ್ ಫೋಟೋಸ್ ಬಳಸುವವರಿಗೆ 'ಸ್ಟೋರೇಜ್ ಸೇವರ್' ಎಂಬ ಆಯ್ಕೆ ಇದೆ. ಅದು 1080ಪಿಗಿಂತ ಹೆಚ್ಚಿನ ವಿಡಿಯೊಗಳನ್ನು ಆ ಮಟ್ಟಕ್ಕೆ ಇಳಿಸಿ ತನ್ನಲ್ಲಿ ಇರಿಸಿಕೊಳ್ಳುತ್ತದೆ. ಇದು ಒಂದು ಕಾಲದಲ್ಲಿ ಮಿತಿಯಿಲ್ಲದೆ ಉಚಿತವಾಗಿತ್ತು. 2021ರ ಜೂನ್ 1ರ ನಂತರ ಸೇರಿಸಿದ ವಿಡಿಯೊಗಳು ಖಾತೆಯ ಒಟ್ಟು ಮಿತಿಯಲ್ಲಿ ಲೆಕ್ಕಕ್ಕೆ ಬರುತ್ತವೆ. ಇಲ್ಲಿ ಅನೇಕರು ತಪ್ಪುವ ಒಂದು ಸಂಗತಿ ಇದೆ. ಅಲ್ಲಿ ಪ್ರತಿ ಇದೆಯೆಂಬ ಧೈರ್ಯದಿಂದ ಅದೇ ಆ್ಯಪ್‌ನಲ್ಲಿ ವಿಡಿಯೊವನ್ನು ಸಾಮಾನ್ಯ ರೀತಿಯಲ್ಲಿ ಅಳಿಸಿದರೆ, ಫೋನಿನ ಪ್ರತಿಯೊಂದಿಗೆ ದೂರದ ಪ್ರತಿಯೂ ಅಳಿಸಿಹೋಗುತ್ತದೆ. ಫೋನಿನಲ್ಲಿರುವುದನ್ನು ಮಾತ್ರ ತೆಗೆಯಲು 'ಫ್ರೀ ಅಪ್ ಸ್ಪೇಸ್' ಎಂಬ ಪ್ರತ್ಯೇಕ ಆಯ್ಕೆಯನ್ನೇ ಬಳಸಬೇಕು.

ವಾಟ್ಸ್‌ಆ್ಯಪ್‌ನಿಂದ ಬಂದ ಪ್ರತಿ ಮೂಲವಲ್ಲ

ವಿಡಿಯೊವನ್ನು ಮಗನಿಗೆ ಅಥವಾ ತಂಗಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ, 'ಅಲ್ಲಿ ಇದೆಯಲ್ಲ' ಎಂದು ತಮ್ಮ ಫೋನಿನಿಂದ ಅಳಿಸುವ ರೂಢಿ ವ್ಯಾಪಕವಾಗಿದೆ. ಸಾಮಾನ್ಯ ರೀತಿಯಲ್ಲಿ ಕಳುಹಿಸಿದ ವಿಡಿಯೊವನ್ನು ವಾಟ್ಸ್‌ಆ್ಯಪ್ ದಾರಿಯಲ್ಲಿಯೇ ಬಹಳಷ್ಟು ಕಿರಿದುಗೊಳಿಸುತ್ತದೆ. ತಲಪುವುದು ಮೂಲದ ನೆರಳು ಮಾತ್ರ. ಅದನ್ನು ಮತ್ತೊಬ್ಬರು ಕಿರಿದುಗೊಳಿಸಿ ಇನ್ನೊಂದೆಡೆ ಹಾಕಿದರೆ ನೆರಳಿನ ನೆರಳಾಗುತ್ತದೆ. ಜೆರಾಕ್ಸ್ ಪ್ರತಿಯ ಜೆರಾಕ್ಸ್ ತೆಗೆಸುತ್ತ ಹೋದಂತೆ ಅಕ್ಷರ ಮಸುಕಾಗುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2023ರಲ್ಲಿ ಎಚ್.ಡಿ. ಆಯ್ಕೆ ಬಂದ ಮೇಲೆ ಸ್ಥಿತಿ ಸುಧಾರಿಸಿದೆ, ಆದರೂ ಅದು ಮೂಲವಲ್ಲ. ಮೂಲವನ್ನೇ ಕಳುಹಿಸಬೇಕಾದಾಗ 'ಡಾಕ್ಯುಮೆಂಟ್' ಎಂಬ ಆಯ್ಕೆಯ ಮೂಲಕ ಲಗತ್ತಿಸಬೇಕು. ಹೀಗೆ 2 ಗಿಗಾಬೈಟ್‌ವರೆಗಿನ ಕಡತ ಯಾವ ಬದಲಾವಣೆಯೂ ಇಲ್ಲದೆ ಹೋಗುತ್ತದೆ.

ಮೂಲವನ್ನು ಅಳಿಸುವ ಮುನ್ನ

ಹೊಸ ಕಡತ ಸಿದ್ಧವಾದೊಡನೆ ಹಳೆಯದನ್ನು ಅಳಿಸುವ ಅವಸರ ಸಲ್ಲದು. ಹೊಸದನ್ನು ಆರಂಭದಿಂದ ಸ್ವಲ್ಪ, ನಡುವೆ ಸ್ವಲ್ಪ, ಕೊನೆಯ ಒಂದು ನಿಮಿಷ ಪೂರ್ತಿ ನೋಡಬೇಕು. ಕೊನೆಯದನ್ನು ನೋಡುವುದೇಕೆಂದರೆ ನಡುವೆ ನಿಂತುಹೋದ ಕಡತ ಆರಂಭದಲ್ಲಿ ಸರಿಯಾಗಿಯೇ ಕಾಣುತ್ತದೆ. ಧ್ವನಿ ಇದೆಯೇ, ಅದು ತುಟಿಯ ಚಲನೆಗೆ ಹೊಂದುತ್ತದೆಯೇ ಎಂಬುದನ್ನೂ ಗಮನಿಸಬೇಕು. ಬಳಿಕ ಮೂಲ ಕಡತವನ್ನು ಹಾರ್ಡ್‌ಡಿಸ್ಕಿಗೆ ಸೇರಿಸಲು ಸಾಧ್ಯವಿದ್ದರೆ ಸೇರಿಸಿ, ಆಮೇಲೆ ಫೋನಿನಿಂದ ತೆಗೆಯಬಹುದು.

ಅಳಿಸಿದರೂ ಸ್ಥಳಾವಕಾಶ ಹೆಚ್ಚಲಿಲ್ಲವೆಂದು ಗಾಬರಿಯಾಗಬೇಕಾಗಿಲ್ಲ. ಅಳಿಸಿದ ವಿಡಿಯೊ ಮೊದಲು ಕಸದ ಬುಟ್ಟಿಗೆ ಹೋಗಿ ಸಾಮಾನ್ಯವಾಗಿ 30 ದಿನ ಅಲ್ಲಿಯೇ ಇರುತ್ತದೆ. ಬುಟ್ಟಿಯನ್ನು ಖಾಲಿ ಮಾಡಿದಾಗಲೇ ಜಾಗ ನಿಜವಾಗಿ ಬಿಡುವಾಗುವುದು. ತಪ್ಪು ಮಾಡಿದವರಿಗೆ ಆ ಬುಟ್ಟಿಯೇ ಕೊನೆಯ ಅವಕಾಶವಾದುದರಿಂದ, ಜಾಗದ ತುರ್ತು ಇಲ್ಲದವರು ಅದನ್ನು ಕೆಲವು ದಿನ ಮುಟ್ಟದಿರುವುದೇ ಲೇಸು.

ಕಿರಿದುಗೊಳಿಸಿದ ಕಡತಕ್ಕೆ ಅನೇಕ ವೇಳೆ ಅದನ್ನು ತಯಾರಿಸಿದ ದಿನದ ದಿನಾಂಕವೇ ಅಂಟಿಕೊಳ್ಳುತ್ತದೆ. 2017ರ ನಾಮಕರಣ ಪಟ್ಟಿಯಲ್ಲಿ ಇಂದಿನ ತಾರೀಖಿನ ಕೆಳಗೆ ಸೇರಿ, ಹುಡುಕಿದರೂ ಸಿಗದಂತಾಗುತ್ತದೆ. ಇದಕ್ಕೆ ಸುಲಭ ಪರಿಹಾರ ಕಡತದ ಹೆಸರಿನಲ್ಲಿಯೇ ವರ್ಷ, ತಿಂಗಳು, ಊರು, ಸಂದರ್ಭಗಳನ್ನು ಬರೆಯುವುದು. ಕನ್ನಡ ಅಕ್ಷರಗಳಲ್ಲಿಯೇ ಹೆಸರು ಕೊಡಬಹುದು. ಈಗಿನ ಫೋನುಗಳೂ ಕಂಪ್ಯೂಟರುಗಳೂ ಅದನ್ನು ಸ್ವೀಕರಿಸುತ್ತವೆ.

ಕಿರಿದುಗೊಳಿಸಬಾರದ ವಿಡಿಯೊಗಳು

ಒಂದು ವರ್ಗದ ವಿಡಿಯೊಗಳನ್ನು ಎಷ್ಟೇ ಒತ್ತಡವಿದ್ದರೂ ಕಿರಿದುಗೊಳಿಸಬಾರದು. ರಸ್ತೆ ಅಪಘಾತ, ಕಳವು, ಹಲ್ಲೆ, ಆಸ್ತಿಯ ಹಾನಿ ಮೊದಲಾದವುಗಳ ಚಿತ್ರೀಕರಣ ಮುಂದೆ ಪೊಲೀಸರ ಅಥವಾ ನ್ಯಾಯಾಲಯದ ಮುಂದೆ ಬರಬಹುದಾದ ಸಾಕ್ಷ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಪ್ರಕರಣದ ಪ್ರಕಾರ ವಿದ್ಯುನ್ಮಾನ ದಾಖಲೆಯೊಂದಿಗೆ ಪ್ರಮಾಣಪತ್ರ ಸಲ್ಲಿಸಬೇಕು. ಅದರ ನಮೂನೆಯಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಹ್ಯಾಶ್ ಎಂಬುದು ಕಡತದ ಬೆರಳಚ್ಚು ಇದ್ದಂತೆ. ಕಡತದೊಳಗಿನ ಒಂದು ಬಿಟ್ ಬದಲಾದರೂ ಈ ಬೆರಳಚ್ಚು ಬದಲಾಗುತ್ತದೆ. ಕಿರಿದುಗೊಳಿಸಿದ ವಿಡಿಯೊ ಕಣ್ಣಿಗೆ ಮೂಲದಂತೆಯೇ ಕಂಡರೂ ಈ ದೃಷ್ಟಿಯಿಂದ ಅದು ಬೇರೆಯೇ ಕಡತ. ವಾಹನದ ಸಂಖ್ಯಾಫಲಕದಂಥ ಸೂಕ್ಷ್ಮ ವಿವರಗಳು ಮೊದಲು ಅಳಿಯುವುದೂ ಅದರಲ್ಲಿಯೇ. ಇಂತಹ ಕಡತವನ್ನು ಕತ್ತರಿಸದೆ, ಹೆಸರನ್ನೂ ಬದಲಾಯಿಸದೆ, ಚಿತ್ರೀಕರಿಸಿದ ಫೋನಿನಲ್ಲಿಯೇ ಉಳಿಸಿಕೊಂಡು, ಒಂದು ಪ್ರತಿಯನ್ನು ಮಾತ್ರ ಬೇರೆಡೆಗೆ ನಕಲಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಜಾಗವನ್ನು ಶುಭೋದಯದ ವಿಡಿಯೊಗಳಿಂದ ಪಡೆಯಬಹುದು.